ಬೌಹೌಸ್ ಮ್ಯೂಸಿಯಮ್‌ನಲ್ಲಿ ಹಳೇ ಕುರ್ಚಿ ಬಿಟ್ಟು ಇನ್ನೇನಿದೆ?

ನಿಮ್ಮ ಪ್ರಶ್ನೆ ಇಷ್ಟು ತಾನೇ: ಬರ್ಲಿನ್‌ಗೆ ಬರುತ್ತಿದ್ದೀರಿ, ಜೊತೆಗಿರುವ ಗೆಳತಿ ಡಿಸೈನರ್, ಒಂದು ದಿನ ಡೆಸ್ಸೌಗೆ ಎಳೆದುಕೊಂಡು ಹೋಗಿ ಬೌಹೌಸ್ ಅನ್ನುವ ಹಳೇ ಜರ್ಮನ್ ಡಿಸೈನ್ ಶಾಲೆಯ ಪ್ರದರ್ಶನ ತೋರಿಸುತ್ತೇನೆ ಅನ್ನುತ್ತಿದ್ದಾರೆ. ನಿಮಗೆ ಡಿಸೈನಿನ ಗಂಧಗಾಳಿ ಇಲ್ಲ, ಅಲ್ಲಿರುವುದು ಹಳೇ ಕುರ್ಚಿ, ದೀಪ ಅಷ್ಟೇ ಅಂತ ಯಾರೋ ಹೇಳಿದ್ದಾರೆ. ಬೋರ್ ಆಗಲ್ವಾ, ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ.

ಬೋರ್ ಆಗಬಹುದು. ನನಗೆ ಮೊದಲ ಸಲ ಆಯಿತು. ನಾನಿರುವುದು ಲೈಪ್‌ಜಿಗ್‌ನಲ್ಲಿ, ಡೆಸ್ಸೌ ಇಲ್ಲಿಂದ ಹತ್ತಿರ, ಹಾಗಾಗಿ ಮೂರು ಸಲ ಹೋಗಿದ್ದೇನೆ. ಮೊದಲ ಸಲ ನಲವತ್ತು ನಿಮಿಷದಲ್ಲಿ ಹೊರಗೆ ಬಂದಿದ್ದೆ. ಯಾಕೆಂದರೆ ಅಲ್ಲಿರುವುದೆಲ್ಲ ಆಗಲೇ ಎಲ್ಲೋ ನೋಡಿದ ಹಾಗೇ ಇತ್ತು. ಬ್ಯಾಂಕಿನಲ್ಲಿ ಮ್ಯಾನೇಜರ್ ಟೇಬಲ್ ಎದುರು ಇಟ್ಟಿರುತ್ತಾರಲ್ಲ, ಹಿಂದಿನ ಕಾಲೇ ಇಲ್ಲದ, ಕೂತರೆ ಸ್ವಲ್ಪ ಜೀಕುವ ಸ್ಟೀಲ್ ಪೈಪಿನ ಕುರ್ಚಿ? ಅದು ಹುಟ್ಟಿದ್ದು ಈ ಜನರ ನಡುವೆ. 1926ರಲ್ಲಿ ಮಾರ್ಟ್ ಸ್ಟಾಮ್ ಅನ್ನುವವರು ಗ್ಯಾಸ್ ಪೈಪ್ ತುಂಡುಗಳನ್ನು ಜೋಡಿಸಿ ಅಂಥದ್ದೊಂದನ್ನು ಮಾಡಿ ನೋಡಿದರು. ಆಮೇಲೆ ಇದು ಯಾರ ಐಡಿಯಾ ಅಂತ ಕೋರ್ಟಿನವರೆಗೂ ಜಗಳ ಹೋಯಿತು. ಈಗ ಅದನ್ನು ಯಾರೂ ಯಾರದು ಅಂತ ಕೇಳುವುದಿಲ್ಲ.

ಇತಿಹಾಸ ಎರಡು ಮಾತಲ್ಲಿ ಮುಗಿಸುತ್ತೇನೆ, ಉಳಿದದ್ದು ಅಲ್ಲಿನ ಗೋಡೆ ಮೇಲೆ ಬರೆದಿರುತ್ತದೆ. ವಾಲ್ಟರ್ ಗ್ರೋಪಿಯಸ್ 1919ರಲ್ಲಿ ವೈಮರ್‌ನಲ್ಲಿ ಶುರು ಮಾಡಿದ ಶಾಲೆ. 1925ರಲ್ಲಿ ಡೆಸ್ಸೌಗೆ ಬಂತು, 1932ರಲ್ಲಿ ನಾಜಿಗಳ ಕೈಯಲ್ಲಿದ್ದ ನಗರಸಭೆ ಅದನ್ನು ಮುಚ್ಚಿಸಿತು, ಬರ್ಲಿನ್‌ನ ಒಂದು ಹಳೇ ಫ್ಯಾಕ್ಟರಿಯಲ್ಲಿ ಸ್ವಲ್ಪ ದಿನ ಉಸಿರಾಡಿ 1933ರಲ್ಲಿ ನಿಂತುಹೋಯಿತು. ಒಟ್ಟು 14 ವರ್ಷ.

ಈಗ ನನ್ನ ಎರಡನೇ ಸಲದ ಕತೆ. ನಮ್ಮಪ್ಪನದು ಹಾಸನದಲ್ಲಿ ವೆಲ್ಡಿಂಗ್ ಶಾಪ್. ಕಿಟಕಿ ಗ್ರಿಲ್ಲು, ಗೇಟು, ಇಂಥವು. ಮೊದಲ ಸಲ ಹೋದಾಗ, ಆ ಶಾಲೆಯಲ್ಲೇ ಕಲಿತು ಆಮೇಲೆ ಅಲ್ಲೇ ಕಲಿಸಿದ ಮಾರ್ಸೆಲ್ ಬ್ರಾಯರ್ ಮಾಡಿದ ಸ್ಟೀಲ್ ಪೈಪಿನ ಕುರ್ಚಿಯ ಫೋಟೋ ಸುಮ್ನೆ ಅವರಿಗೆ ಕಳಿಸಿದ್ದೆ. ಐದು ನಿಮಿಷಕ್ಕೆ ಫೋನ್ ಬಂತು. "ಬೆಂಡು ಚೆನ್ನಾಗಿ ಬಂದಿದೆ ಕಣೋ. ಜಾಯಿಂಟ್ ಹೆಂಗ್ ಮಾಡಿದಾನೆ, ವೆಲ್ಡಾ ಬೋಲ್ಟಾ?" ನನಗೆ ಗೊತ್ತಿರಲಿಲ್ಲ. ಕುರ್ಚಿ ಮುಂದೆ ಎರಡು ನಿಮಿಷ ನಿಂತಿದ್ದೆ, ಆದರೆ ಅದನ್ನು ನೋಡಿಯೇ ಇರಲಿಲ್ಲ! ಅದಕ್ಕೇ ಎರಡನೇ ಸಲ ಹೋದೆ.

ಅಪ್ಪ ಪೈಪು ಬಗ್ಗಿಸುವಾಗ ಒಳಗೆ ಒಣ ಮರಳು ತುಂಬಿ, ಎರಡೂ ತುದಿಗೆ ಮರದ ಬಿರಡೆ ಬಡಿದು, ಕಾಯಿಸಿ ನಿಧಾನಕ್ಕೆ ಬಗ್ಗಿಸುತ್ತಿದ್ದರು. ಮರಳಿಲ್ಲದಿದ್ದರೆ ಬಗ್ಗಿದ ಕಡೆ ಪೈಪು ಚಪ್ಪಟೆಯಾಗುತ್ತದೆ, ಇಲ್ಲವೇ ಅದರ ಉದ್ದಕ್ಕೂ ಇರುವ ಬೆಸುಗೆ ಅಲ್ಲೇ ಬಾಯಿ ಬಿಡುತ್ತದೆ. ಬ್ರಾಯರ್‌ಗೆ ಈ ಎರಡನೇ ತಲೆನೋವು ಇರಲಿಲ್ಲ, ಯಾಕೆಂದರೆ ಜರ್ಮನಿಯಲ್ಲಿ ಆಗ ಬೆಸುಗೆಯೇ ಇಲ್ಲದ ಉಕ್ಕಿನ ಪೈಪು ಸಿಗುತ್ತಿತ್ತು. 1925ರಲ್ಲಿ ಅವರಿಗೆ 23 ವರ್ಷ. ಹೊಸದಾಗಿ ಸೈಕಲ್ ತಗೊಂಡಿದ್ದರು, ಅದರ ಹ್ಯಾಂಡಲ್ ನೋಡಿ, ಇದನ್ನು ಇಷ್ಟು ಚೆನ್ನಾಗಿ ಬಗ್ಗಿಸಬಹುದಾದರೆ ಕುರ್ಚಿಗೆ ಯಾಕಾಗಬಾರದು ಅಂತ ಹೊಳೆಯಿತಂತೆ. ಮೊದಲ ಕುರ್ಚಿಗಳನ್ನು ಒಬ್ಬ ಪ್ಲಂಬರ್ ನೆರವು ತಗೊಂಡು ವೆಲ್ಡ್ ಮಾಡಿಸಿದರು. ಆಮೇಲೆ ಬೋಲ್ಟ್ ಹಾಕಿದರು. ಅಂದರೆ ಅಪ್ಪನ ಪ್ರಶ್ನೆಗೆ ಎರಡೂ ಸರಿ ಉತ್ತರ. ಕೂರುವ ಕಡೆ ಇರುವ ಬಟ್ಟೆಯನ್ನೂ ನೋಡಿ, ಅದು ಮೇಣ ಹಚ್ಚಿ ತಿಕ್ಕಿ ಹೊಳಪು ಬರಿಸಿದ ಹತ್ತಿ ನೂಲಿನದು. ಜರ್ಮನ್ನರು ಅದನ್ನು ಕಬ್ಬಿಣದ ನೂಲು ಅಂತ ಕರೆಯುತ್ತಾರೆ, ಆದರೆ ಅದರಲ್ಲಿ ಒಂದು ಎಳೆ ಕಬ್ಬಿಣ ಇಲ್ಲ.

ಹಾಗಾಗಿ ಡಿಸೈನ್ ಗೊತ್ತಿಲ್ಲದಿದ್ದರೆ ಒಳ್ಳೆಯದೇ ಆಯಿತು, ಆಕಾರ ನೋಡುವುದು ಬಿಡಿ. ಇದನ್ನು ಹೇಗೆ ಮಾಡಿದರು ಅಂತ ಮಾತ್ರ ನೋಡಿ. ಮೇಲ್ನೋಟಕ್ಕೆ ಎಲ್ಲ ಮೆಷಿನ್ನಿನಲ್ಲಿ ಒತ್ತಿ ತೆಗೆದ ಹಾಗಿದೆ, ಆದರೆ ಶುರುವಿನ ಬಹಳಷ್ಟು ವಸ್ತು ಕೈಯಲ್ಲಿ ಬಡಿದು ಮಾಡಿದ್ದು. ಗುಂಡಗಿನ ಹಾಲುಬಣ್ಣದ ಗಾಜಿನ ಆ ಫೇಮಸ್ ಟೇಬಲ್ ಲ್ಯಾಂಪ್ ಇದೆಯಲ್ಲ, ಅದನ್ನು ಮಾಡಿದ ವಿಲ್ಹೆಲ್ಮ್ ವಾಗನ್‌ಫೆಲ್ಟ್ ಅದನ್ನು 1924ರಲ್ಲಿ ನಮ್ಮ ಲೈಪ್‌ಜಿಗ್‌ನ ವ್ಯಾಪಾರ ಮೇಳಕ್ಕೆ ತಂದಿದ್ದರು. ವ್ಯಾಪಾರಿಗಳು ನಕ್ಕರು. ನೋಡಲು ಫ್ಯಾಕ್ಟರಿಯ ಅಗ್ಗದ ಮಾಲಿನ ಹಾಗಿದೆ, ರೇಟು ಮಾತ್ರ ಕೈಕೆಲಸದ್ದು! ನನಗೆ ಇಡೀ ಬೌಹೌಸ್‌ನಲ್ಲಿ ತುಂಬಾ ಇಷ್ಟವಾಗುವ ಕತೆ ಇದು. ಎಲ್ಲರ ಮನೆಗೆ ಅಗ್ಗದಲ್ಲಿ ಒಳ್ಳೆ ಸಾಮಾನು ಅಂತ ಹೊರಟವರು ಮಾಡಿದ್ದು ಎಲ್ಲರ ಕೈಗೆಟುಕದ ಸಾಮಾನು. ಅವರ ಸರಕಿನಲ್ಲಿ ನಿಜವಾಗಿ ಜಾಸ್ತಿ ಮಾರಾಟವಾಗಿದ್ದು ಯಾವುದು ಗೊತ್ತಾ? ಗೋಡೆಗೆ ಅಂಟಿಸುವ ವಾಲ್‌ಪೇಪರ್.

ಮರಿಯಾನೆ ಬ್ರಾಂಟ್ ಹೆಸರು ಕಂಡಲ್ಲಿ ನಿಲ್ಲಿ. ಲೋಹದ ಕೆಲಸದ ವಿಭಾಗಕ್ಕೆ ಸೇರಿದ ಹೆಣ್ಣುಮಗಳು. ಇದು ಹೆಂಗಸರ ಜಾಗ ಅಲ್ಲ ಅಂತ ಅಲ್ಲಿನ ಹುಡುಗರ ಲೆಕ್ಕ, ಅದಕ್ಕೇ ಅವರಿಗೆ ಬೇಸರ ಹುಟ್ಟಿಸುವ ಕೆಲಸ ಕೊಟ್ಟರು: ಜರ್ಮನ್ ಸಿಲ್ವರ್‌ನಲ್ಲಿ ಚಿಕ್ಕ ಚಿಕ್ಕ ಅರ್ಧ ಗುಂಡುಗಳನ್ನು ಬಡಿದು ಬಡಿದು ಮಾಡುವುದು. ಹೌದು, ನಮ್ಮ ಮನೆಗಳಲ್ಲಿ ಕುಂಕುಮದ ಬಟ್ಟಲು, ತಟ್ಟೆ ಇರುತ್ತವಲ್ಲ, ಅದೇ ಜರ್ಮನ್ ಸಿಲ್ವರ್. ಅದೇ ಅರ್ಧ ಗುಂಡಿನ ಆಕಾರದಲ್ಲಿ ಬ್ರಾಂಟ್ 1924ರಲ್ಲಿ ಒಂದು ಪುಟ್ಟ ಟೀ ಪಾತ್ರೆ ಮಾಡಿದರು. ಕೆಲವು ವರ್ಷದಲ್ಲಿ ಆ ವಿಭಾಗವನ್ನೇ ನಡೆಸಿದರು.

ಉಳಿದ ಹೆಂಗಸರನ್ನು ಹೆಚ್ಚುಕಮ್ಮಿ ಎಲ್ಲರನ್ನೂ ನೇಯ್ಗೆಗೆ ತಳ್ಳುತ್ತಿದ್ದರು. ಮೊದಲ ಸಲ ನಾನು ನೇಯ್ಗೆಯ ಭಾಗ ದಾಟಿಕೊಂಡು ಹೋಗಿಬಿಟ್ಟಿದ್ದೆ, ನೀವು ಹಾಗೆ ಮಾಡಬೇಡಿ. ಆನಿ ಆಲ್ಬರ್ಸ್‌ಗೆ ಗಾಜಿನ ಕೆಲಸ ಕಲಿಯುವ ಆಸೆ ಇತ್ತು, ಸಿಕ್ಕಿದ್ದು ಮಗ್ಗ. ಅವರು ಬೆರ್ನೌ ಅನ್ನುವ ಊರಿನ ಕಾರ್ಮಿಕ ಸಂಘದ ಶಾಲೆಯ ಸಭಾಂಗಣಕ್ಕೆ ಗೋಡೆ ಬಟ್ಟೆ ನೇಯ್ದರು. ಒಂದು ಮಗ್ಗುಲಲ್ಲಿ ಸೆಲೋಫೇನ್ ಎಳೆ, ಬೆಳಕನ್ನು ವಾಪಸ್ ಎಸೆಯಲು. ಇನ್ನೊಂದು ಮಗ್ಗುಲಲ್ಲಿ ಮೆತ್ತನೆಯ ಜುಂಗಿನ ನೂಲು, ಸದ್ದು ಹೀರಿಕೊಳ್ಳಲು. ಹಾಸು ಹೊಕ್ಕು ಎರಡರಲ್ಲೇ ಲೈಟಿನ ಸಮಸ್ಯೆ, ಸೌಂಡಿನ ಸಮಸ್ಯೆ ಎರಡೂ ಮುಗಿಯಿತು. ಕುರ್ಚಿಗಳಿಗೆ ಸಿಕ್ಕಷ್ಟು ಹೆಸರು ಈ ಬಟ್ಟೆಗಳಿಗೆ ಸಿಕ್ಕಿಲ್ಲ, ಅದು ಅನ್ಯಾಯ.

ಚೆಸ್ ಬರುತ್ತದಾ ನಿಮಗೆ? ಯೋಸೆಫ್ ಹಾರ್ಟ್‌ವಿಗ್ ಅವರ ಚೆಸ್ ಸೆಟ್ ಎಲ್ಲಿ ಕಂಡರೂ ನೋಡಿ, ಕೊನೆಗೆ ಅಂಗಡಿಯಲ್ಲಿರುವ ಮರುತಯಾರಿಯಾದರೂ ಸರಿ. ಕಿರೀಟ ಇಲ್ಲ, ಕುದುರೆ ಮುಖ ಇಲ್ಲ. ಕಾಯಿ ಹೇಗೆ ನಡೆಯುತ್ತದೋ ಅದರ ಆಕಾರವೂ ಹಾಗೇ. ಒಂಟೆ ಓರೆಯಾಗಿ ಓಡುತ್ತದಲ್ಲ, ಅದು ಗುಣಾಕಾರದ ಚಿಹ್ನೆ. ಆನೆ ನೇರ ಹೋಗುತ್ತದೆ, ಅದು ಚೌಕದ ಗಟ್ಟಿ. ಕುದುರೆ ಮೂಲೆ ತಿರುಗುತ್ತದೆ, ಅದಕ್ಕೆ ಮೂಲೆ ಮುರಿದ ಕಾಯಿ. ರಾಜನಿಗೆ ಚೌಕದ ಮೇಲೆ ಇನ್ನೊಂದು ಪುಟ್ಟ ಚೌಕ ಓರೆಯಾಗಿ ಕೂತಿದೆ, ಅಂದರೆ ನೇರವೂ ಹೋಗಬಹುದು, ಓರೆಯಾಗಿಯೂ ಹೋಗಬಹುದು. ಆಟ ಬಾರದ ಮಗುವಿಗೂ ಐದು ನಿಮಿಷದಲ್ಲಿ ಹೇಳಿಕೊಡಬಹುದು.

ಇನ್ನು ನಮಗೂ ಇದಕ್ಕೂ ಸಂಬಂಧ. 1922ರ ಡಿಸೆಂಬರಿನಲ್ಲಿ ಬೌಹೌಸ್‌ನವರ ಚಿತ್ರಗಳು ಕಲ್ಕತ್ತೆಗೆ ಬಂದಿದ್ದವು. ಸ್ಟೆಲ್ಲಾ ಕ್ರಾಮ್ರಿಶ್ ಅನ್ನುವ ವಿದ್ವಾಂಸೆ ಬೌಹೌಸ್‌ನಲ್ಲಿ ಕಲಿಸುತ್ತಿದ್ದ ಯೊಹಾನೆಸ್ ಇಟ್ಟೆನ್‌ಗೆ ಪತ್ರ ಬರೆದು ತರಿಸಿದ್ದರು. ಅದೇ ಶಾಲೆಯಲ್ಲಿ ಕಲಿಸುತ್ತಿದ್ದ ಚಿತ್ರಕಾರರಾದ ಕ್ಲೀ, ಕ್ಯಾಂಡಿನ್‌ಸ್ಕಿ ಅವರ ಕೆಲಸ ಗಗನೇಂದ್ರನಾಥ ಟಾಗೋರರ ಚಿತ್ರಗಳ ಜೊತೆ ಒಂದೇ ಪ್ರದರ್ಶನದಲ್ಲಿತ್ತು. ವೈಮರ್‌ನಲ್ಲಿ ಶಾಲೆಯ ದೊಡ್ಡ ಪ್ರದರ್ಶನ ನಡೆದದ್ದು ಅದರ ಮುಂದಿನ ವರ್ಷ! ಕುರ್ಚಿ ಗಿರ್ಚಿ ಬಂದಿರಲಿಲ್ಲ, ಬರೀ ಚಿತ್ರ, ಅಚ್ಚು.

ಹೋಗುವ ವಿಚಾರ. 2019ರಲ್ಲಿ ತೆರೆದ ಹೊಸ ಮ್ಯೂಸಿಯಮ್ ಊರ ಮಧ್ಯದಲ್ಲಿದೆ. ಹೊರಗೆ ಗಾಜು, ಒಳಗೆ ಮೇಲೆತ್ತಿ ನಿಲ್ಲಿಸಿದ ಕಪ್ಪು ಕಾಂಕ್ರೀಟ್ ಪೆಟ್ಟಿಗೆ, ವಸ್ತುಗಳೆಲ್ಲ ಆ ಪೆಟ್ಟಿಗೆಯೊಳಗೆ. ಅದನ್ನು ನೋಡಿ ವಾಪಸ್ ಬಂದುಬಿಡಬೇಡಿ. 1926ರ ಶಾಲೆಯ ಕಟ್ಟಡ ರೈಲ್ವೆ ಸ್ಟೇಷನ್ನಿನ ಆ ಕಡೆ ಇದೆ, ನಡೆದೇ ಹೋಗಬಹುದು. ಕಾರ್ಯಾಗಾರದ ಭಾಗದ ಗೋಡೆ ಪೂರ್ತಿ ಗಾಜು. ಬೇಸಿಗೆಯಲ್ಲಿ ಒಳಗಿದ್ದವರು ಬೆಂದರು, ಚಳಿಗಾಲದಲ್ಲಿ ನಡುಗಿದರು, ಆದರೂ ಚಂದ ಇದೆ. ಅಲ್ಲಿ ಕಿಟಕಿ ತೆರೆಯುವ ವ್ಯವಸ್ಥೆ ನೋಡಿ: ಒಂದು ಕಡೆ ತಿರುಗಿಸಿದರೆ ಇಡೀ ಸಾಲು ಒಟ್ಟಿಗೆ ತೆರೆದುಕೊಳ್ಳುತ್ತದೆ. ನಾನು ಅದರ ವೀಡಿಯೊ ಹುಡುಕಿ ಅಪ್ಪನಿಗೆ ಕಳಿಸಿದೆ. ಗ್ರೀಸ್ ಯಾರು ಹಾಕ್ತಾರೆ ಅಂತ ಕೇಳಿದ್ದಾರೆ. ನೀವು ಹೋದಾಗ ಅಲ್ಲಿಯವರನ್ನು ಕೇಳಿ, ನನಗೂ ತಿಳಿಸಿ.