ಉತ್ತರ: ವಿಂಡೋಸಿನಲ್ಲಿ ಗ್ರೆಪ್, ನಕ್ಷತ್ರ ಮತ್ತು ಉದ್ಧರಣ ಚಿಹ್ನೆಗಳು

ಮದ್ದೂರಿನ ಗೆಳೆಯರೇ, ಹೋಬಳಿವಾರು ಮಳೆ ಲೆಕ್ಕದ ಫೈಲುಗಳಲ್ಲಿ 'ಕೆಆರ್ ಪೇಟೆ' ಎಂದು ಹುಡುಕಿದರೆ, ಪೇಟೆ' ಎಂಬ ಫೈಲೇ ಇಲ್ಲವೆಂದು, ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್ ಪ್ರೋಗ್ರಾಮ್ ದೂರುತ್ತಿದೆ ಎಂದಿರಿ. ವಿಂಡೋಸ್ ಕಿತ್ತು ಲಿನಕ್ಸ್ ಹಾಕಿ ಎಂದು ಮೇಲೆ ಒಬ್ಬರು ಹೇಳಿದ್ದಾರೆ. ಹಾಲಿನ ಡೇರಿಯ ಲೆಕ್ಕವೂ ಅದೇ ಕಂಪ್ಯೂಟರಿನಲ್ಲಿರುವಾಗ ಆ ಉಸಾಬರಿ ಬೇಡ.

ತೊಂದರೆಯ ಮೂಲ ಇರುವುದು, ನೀವು ಟೈಪಿಸಿದ ಸಾಲನ್ನು ಯಾರು ಒಡೆಯುತ್ತಾರೆ ಎಂಬುದರಲ್ಲಿ. ಲಿನಕ್ಸಿನಲ್ಲಿ ಆಜ್ಞೆಗಳನ್ನು ಓದುವ ಶೆಲ್ ಎಂಬ ಪ್ರೋಗ್ರಾಮುಗಳಲ್ಲಿ ಬ್ಯಾಷ್ ಒಂದು. ಅದರಲ್ಲಿ * ಎಂದು ಬರೆದರೆ, ಹೊಂದುವ ಫೈಲುಗಳ ಹೆಸರನ್ನೆಲ್ಲ ಶೆಲ್ಲೇ ಜೋಡಿಸಿ ಕೊಡುತ್ತದೆ. ಗ್ರೆಪ್ಪಿನ ಕಣ್ಣಿಗೆ ನಕ್ಷತ್ರ ಬೀಳುವುದೇ ಇಲ್ಲ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ಆ ಗೋಜಿಗೆ ಹೋಗದೆ ಸಾಲನ್ನು ಹಾಗೆಯೇ ದಾಟಿಸುತ್ತದೆ. ಅದನ್ನು ಪದಗಳಾಗಿ ಒಡೆಯುವುದು, ನಕ್ಷತ್ರವನ್ನು ಬಿಡಿಸುವುದು ಎಲ್ಲವೂ ಪ್ರೋಗ್ರಾಮಿನ ತಲೆನೋವು. ಲಿನಕ್ಸಿನ ಸಾಧನಗಳನ್ನು ವಿಂಡೋಸಿಗೆ ತರುವ ಸಿಗ್ವಿನ್‌ನ ಗ್ರೆಪ್ ತಾನೇ ಬಿಡಿಸಿಕೊಳ್ಳುತ್ತದೆ. ಬೇರೆ ಕಡೆ ಕಟ್ಟಿದ ಗ್ರೆಪ್ ಬಿಡಿಸದೆಯೂ ಇರಬಹುದು. ಎರಡೂ ಕಡೆ ಎಕೋ * ಎಂದು ಕೊಟ್ಟು ನೋಡಿ. ಬ್ಯಾಷ್ ಫೈಲುಗಳ ಹೆಸರು ಸುರಿಯುತ್ತದೆ, ಪ್ರಾಂಪ್ಟ್ ನಕ್ಷತ್ರವನ್ನೇ ಮರಳಿಸಿ ಸುಮ್ಮನಾಗುತ್ತದೆ.

ನಿಮ್ಮ ಗ್ರೆಪ್ ಮೈಕ್ರೋಸಾಫ್ಟ್ ಸಿ ಲೈಬ್ರರಿಯ ಕ್ರಮದಲ್ಲಿ ಸಾಲು ಒಡೆಯುತ್ತಿರುವಂತಿದೆ. ಆ ಕ್ರಮದಲ್ಲಿ ಒಂಟಿ ಉದ್ಧರಣ ಚಿಹ್ನೆ ಬರೀ ಒಂದು ಅಕ್ಷರ. ಹಾಗಾಗಿ 'ಕೆಆರ್ ಎಂಬುದು ಹುಡುಕುವ ಪದವಾಯಿತು, ಪೇಟೆ' ಎಂಬುದು ಫೈಲಿನ ಹೆಸರಾಯಿತು. "ಕೆಆರ್ ಪೇಟೆ" ಎಂದು ಜೋಡಿ ಚಿಹ್ನೆ ಹಾಕಿ, ಸರಿಹೋಗುತ್ತದೆ.

ಆದರೆ ಜೋಡಿ ಚಿಹ್ನೆಗೂ ಒಂದು ಗುಂಡಿ ಇದೆ, ಬಹಳ ಜನ ಬೀಳುವುದು ಅಲ್ಲೇ. ಫೋಲ್ಡರಿನ ಹೆಸರನ್ನು "ಡಿ:\ಮಳೆ ಲೆಕ್ಕ\" ಎಂದು ಮುಗಿಸಿದಿರಿ ಎನ್ನಿ. ಕೊನೆಯ \ ಗುರುತು ತನ್ನ ಪಕ್ಕದ ಉದ್ಧರಣ ಚಿಹ್ನೆಯನ್ನು ಸಾಧಾರಣ ಅಕ್ಷರವಾಗಿಸುತ್ತದೆ. ಮುಚ್ಚಬೇಕಾದ ಚಿಹ್ನೆ ಮುಚ್ಚದೆ, ಮುಂದಿನ ಪದಗಳೂ ಫೋಲ್ಡರಿನ ಹೆಸರಿಗೇ ಅಂಟಿಕೊಳ್ಳುತ್ತವೆ. ಕೊನೆಯ \ ಅಳಿಸಿ, ಇಲ್ಲವೇ \\ ಎಂದು ಎರಡು ಹಾಕಿ.

ಆಜ್ಞೆಗಳನ್ನು ಬರೆದಿಟ್ಟು ಒಟ್ಟಿಗೆ ಓಡಿಸುವ ಬ್ಯಾಚ್ ಫೈಲಿನಲ್ಲಿ % ಬೇಕಿದ್ದರೆ %% ಎಂದು ಬರೆಯಿರಿ. ಲಿನಕ್ಸ್ ಕಡೆಯ, ಫೈಲುಗಳನ್ನು ಹುಡುಕುವ ಫೈಂಡ್ ಬಳಸುವಾಗ ಎಚ್ಚರ: ಅದೇ ಹೆಸರಿನ, ಬೇರೆಯೇ ಕೆಲಸದ ಪ್ರೋಗ್ರಾಮ್ ವಿಂಡೋಸಿನಲ್ಲೇ ಇದೆ. ನಿಮಗೆ ಬೇಕಾದುದನ್ನು ಪೂರ್ತಿ ವಿಳಾಸ ಕೊಟ್ಟು ಕರೆಯಿರಿ.

ಈ ಚಿಹ್ನೆಗಳ ಸಹವಾಸವೇ ಬೇಡವೆನಿಸಿದರೆ, ಹುಡುಕುವ ಪದಗಳನ್ನು ಸಾಲಿಗೊಂದರಂತೆ ಬೇರೆ ಫೈಲಿನಲ್ಲಿ ಬರೆದು ಗ್ರೆಪ್ಪಿನ -ಎಫ್ ಆಯ್ಕೆಗೆ ಕೊಡಿ. ಇಲ್ಲಿ ಎಫ್ ಚಿಕ್ಕಕ್ಷರ. ನನಗಂತೂ ಇದೇ ಇಷ್ಟ. ಆ ಫೈಲಿನಲ್ಲಿ ಖಾಲಿ ಸಾಲು ಉಳಿಯಬಾರದು, ಉಳಿದರೆ ಇದ್ದಬದ್ದ ಸಾಲೆಲ್ಲ ಹೊಂದಿಕೆಯಾಗಿಬಿಡುತ್ತದೆ.

ಆಗಲೂ ಬಗ್ಗದಿದ್ದರೆ ಪರದೆಯ ಫೋಟೋ ಹಾಕಿ. ಫೋನಿನಲ್ಲಿ ಟೈಪಿಸಿ ಕಳುಹಿಸಬೇಡಿ. ನೇರ ಉದ್ಧರಣ ಚಿಹ್ನೆ ಬಾಗಿ ಬಂದರೆ ನೀವು ಕೊಟ್ಟದ್ದು ಏನೆಂದು ನಮಗೆ ತಿಳಿಯದು.