ಸಂಪಾದಕರ ಉತ್ತರ: ಹ್ಯಾಂಪ್ಡೆನ್‌ನ ಎರಡು ಶನಿವಾರ

ಓದುಗರೊಬ್ಬರ ಪತ್ರದ ಸಾರ: “ಕಳೆದ ಸಂಚಿಕೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್‌ನ ಹಿಂದಿನ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ ಅವರನ್ನು ‘ಆಟಗಾರನಾಗಿ ಹೆಸರು ಮಾಡಲಾಗದೆ ಮ್ಯಾನೇಜರ್ ಆಗಿ ಗೆದ್ದವರು’ ಎಂದು ಬರೆದಿದ್ದೀರಿ. ಅವರು ನಿಜಕ್ಕೂ ಅಷ್ಟು ಸಾಧಾರಣ ಆಟಗಾರರೇ? ಸ್ಟ್ರೈಕರ್ (ಗೋಲು ಹೊಡೆಯುವ ಮುಂಚೂಣಿ ಆಟಗಾರ) ಆಗಿ ಆಡಿದ್ದು ಮುಂದೆ ಯಾವ ಉಪಯೋಗಕ್ಕೆ ಬಂತು? ನಾನು ಶಾಲಾ ಹುಡುಗರ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಫೈನಲ್‌ಗೆ ಒಬ್ಬ ಹುಡುಗನನ್ನು ಕೈಬಿಡಬೇಕಾದಾಗ ಹೇಗೆ ಹೇಳುವುದು ಎಂಬುದೇ ನನಗೆ ದೊಡ್ಡ ಕಷ್ಟ. ಫರ್ಗುಸನ್ ಏನು ಮಾಡುತ್ತಿದ್ದರು?”

ಮಾನ್ಯರೇ,

ನಿಮ್ಮ ಆಕ್ಷೇಪ ಸರಿಯಾಗಿದೆ. ಆ ಸಾಲು ತಪ್ಪು. 1965-66ರ ಒಂದೇ ಋತುವಿನಲ್ಲಿ ಸ್ಕಾಟ್ಲೆಂಡ್‌ನ ಡನ್‌ಫರ್ಮ್‌ಲಿನ್ ಕ್ಲಬ್ ಪರ 51 ಪಂದ್ಯಗಳಲ್ಲಿ 45 ಗೋಲು ಹೊಡೆದವರನ್ನು ಹೆಸರು ಮಾಡದ ಆಟಗಾರ ಎನ್ನಲು ಬರುವುದಿಲ್ಲ. ಅದರಲ್ಲಿ 31 ಗೋಲು ಲೀಗ್‌ನಲ್ಲೇ ಬಂದವು. ಸೆಲ್ಟಿಕ್‌ನ ಜೋ ಮೆಕ್‌ಬ್ರೈಡ್ ಜೊತೆ ಆ ವರ್ಷ ಸ್ಕಾಟಿಷ್ ಲೀಗ್‌ನ ಅಗ್ರ ಗೋಲುಗಾರ ಅವರೇ. 1967ರಲ್ಲಿ ರೇಂಜರ್ಸ್ ಅವರನ್ನು 65,000 ಪೌಂಡ್ ಕೊಟ್ಟು ಕೊಂಡಿತು. ಎರಡು ಸ್ಕಾಟಿಷ್ ಕ್ಲಬ್‌ಗಳ ನಡುವೆ ಅದುವರೆಗೆ ಅಷ್ಟು ಹಣ ಕೈಬದಲಾಗಿರಲಿಲ್ಲ. ವೃತ್ತಿಜೀವನದ ಲೀಗ್ ಲೆಕ್ಕ 317 ಪಂದ್ಯ, ಸುಮಾರು 170 ಗೋಲು. ಸರಾಸರಿ ಎರಡು ಪಂದ್ಯಕ್ಕೊಂದಕ್ಕಿಂತ ಹೆಚ್ಚು.

ಅವರದು ಕಣ್ಣಿಗೆ ಹಬ್ಬವಾಗುವ ಆಟವಾಗಿರಲಿಲ್ಲ ಎಂಬುದೂ ನಿಜ. ಚೆಂಡು ಕಾಲಿಗಂಟಿಸಿಕೊಂಡು ನಾಲ್ವರನ್ನು ದಾಟಿ ಬರುವವರಲ್ಲ. ಪೆನಾಲ್ಟಿ ಬಾಕ್ಸ್‌ನೊಳಗೆ, ಮೊಣಕೈ ಚಾಚಿ, ಡಿಫೆಂಡರ್‌ಗಳ ಜೊತೆ ಗುದ್ದಾಡಿ, ಗೋಲ್‌ಕೀಪರ್ ಕೈಯಿಂದ ಜಾರಿದ್ದನ್ನು ಒಳಕ್ಕೆ ತಳ್ಳುವವರು.

ಬಂದ ದಾರಿಯೂ ಸಲೀಸಾಗಿರಲಿಲ್ಲ. ಹುಟ್ಟಿದ್ದು 1941ರ ಡಿಸೆಂಬರ್ 31ರಂದು, ಗ್ಲಾಸ್ಗೋದ ಗೋವನ್‌ನಲ್ಲಿ; ತಂದೆ ಹಡಗುಕಟ್ಟೆಯ ಕಾರ್ಮಿಕರು. 16ನೇ ವಯಸ್ಸಿಗೆ ಸಂಬಳವಿಲ್ಲದ ಹವ್ಯಾಸಿಗಳ ಕ್ಲಬ್ ಕ್ವೀನ್ಸ್ ಪಾರ್ಕ್ ಪರ ಕಣಕ್ಕಿಳಿದು ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ಹಗಲಿಡೀ ಕಾರ್ಖಾನೆಯಲ್ಲಿ ಟೂಲ್‌ಮೇಕರ್ ಕೆಲಸದ ಅಪ್ರೆಂಟಿಸ್, ಯೂನಿಯನ್ ಮುಂದಾಳು ಕೂಡ. ಸೇಂಟ್ ಜಾನ್‌ಸ್ಟನ್ ಸೇರಿದ ಮೇಲೂ ಆಟ ಅರೆಕಾಲಿಕವೇ. ಅಲ್ಲಿ ರಿಸರ್ವ್ ತಂಡದಲ್ಲೇ ಕೊಳೆತು, ಬೇಸತ್ತು, ಕೆನಡಾಗೆ ಹೊರಟುಹೋಗುವ ಯೋಚನೆಯಲ್ಲಿದ್ದಾಗ 1963ರ ಡಿಸೆಂಬರ್‌ನಲ್ಲಿ ಅನಿರೀಕ್ಷಿತವಾಗಿ ಅವಕಾಶ ಸಿಕ್ಕಿತು. ರೇಂಜರ್ಸ್‌ನ ಸ್ವಂತ ಮೈದಾನ ಐಬ್ರಾಕ್ಸ್‌ನಲ್ಲಿ, ಅವರ ವಿರುದ್ಧವೇ ಹ್ಯಾಟ್ರಿಕ್, 3-2 ಗೆಲುವು. ಮರುವರ್ಷ ಡನ್‌ಫರ್ಮ್‌ಲಿನ್ ಪೂರ್ಣಾವಧಿಗೆ ಕರೆಯಿತು.

ನಿಮ್ಮ ಎರಡನೇ ಪ್ರಶ್ನೆಗೆ ನಮ್ಮ ಉತ್ತರ ಇದು: ಗೋಲುಗಳಿಗಿಂತ ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕ್ ಮೈದಾನದಲ್ಲಿ ಕಳೆದ ಎರಡು ಶನಿವಾರಗಳು ಅವರನ್ನು ಹೆಚ್ಚು ರೂಪಿಸಿದವು. ಎರಡೂ ಸ್ಕಾಟಿಷ್ ಕಪ್ ಫೈನಲ್, ಎರಡೂ ಏಪ್ರಿಲ್ ಕೊನೆಯಲ್ಲಿ, ಎದುರಾಳಿ ಎರಡು ಸಲವೂ ಸೆಲ್ಟಿಕ್.

ಮೊದಲನೆಯದು 1965ರ ಏಪ್ರಿಲ್ 24. ಡನ್‌ಫರ್ಮ್‌ಲಿನ್‌ನ ಪ್ರಮುಖ ಗೋಲುಗಾರ ಫರ್ಗುಸನ್‌ಗೆ ತಾನು ಆಡುವುದಿಲ್ಲ ಎಂದು ಗೊತ್ತಾದದ್ದು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಡ್ರೆಸ್ಸಿಂಗ್ ರೂಮಿನಲ್ಲಿ, ಮ್ಯಾನೇಜರ್ ವಿಲ್ಲಿ ಕನಿಂಗ್‌ಹ್ಯಾಮ್ ಎಲ್ಲರ ಮುಂದೆ ತಂಡ ಓದಿದಾಗ. ಆಗ ಪಂದ್ಯದ ನಡುವೆ ಬದಲಿ ಆಟಗಾರರನ್ನು ಇಳಿಸುವ ನಿಯಮವೂ ಇರಲಿಲ್ಲ. ಹನ್ನೊಂದರಲ್ಲಿ ಇಲ್ಲ ಎಂದರೆ ಇಲ್ಲವೇ ಇಲ್ಲ. ತಂಡ 3-2ರಿಂದ ಸೋತಿತು. ಸೆಲ್ಟಿಕ್‌ನ ಗೆಲುವಿನ ಗೋಲು ಬಂದದ್ದು ಕಾರ್ನರ್‌ನಿಂದ (ಮೈದಾನದ ಮೂಲೆಯಿಂದ ಒದೆಯುವ ಚೆಂಡು), ನಾಯಕ ಬಿಲ್ಲಿ ಮೆಕ್‌ನೀಲ್ ತಲೆಯಿಂದ ಹೊಡೆದ ಹೆಡರ್‌ನಲ್ಲಿ.

ಎರಡನೆಯದು 1969ರ ಏಪ್ರಿಲ್ 26. ಈಗ ರೇಂಜರ್ಸ್ ಅಂಗಿ. ಮುಖ್ಯ ಸ್ಟ್ರೈಕರ್ ಕಾಲಿನ್ ಸ್ಟೀನ್ ಅಮಾನತಾಗಿದ್ದರಿಂದ ಫರ್ಗುಸನ್‌ಗೆ ಜಾಗ ಸಿಕ್ಕಿತ್ತು. ಸೆಲ್ಟಿಕ್‌ಗೆ ಕಾರ್ನರ್ ಸಿಕ್ಕಾಗ ಹಿಂದಕ್ಕೆ ಬಂದು ಮೆಕ್‌ನೀಲ್‌ನನ್ನು ಕಾಯುವ ಕೆಲಸ ಅವರದು. ಎರಡನೇ ನಿಮಿಷಕ್ಕೇ ಕಾರ್ನರ್ ಬಂತು. ಮೆಕ್‌ನೀಲ್ ಯಾರ ಅಡ್ಡಿಯೂ ಇಲ್ಲದೆ ಮೇಲೆದ್ದು ತಲೆ ಕೊಟ್ಟರು. ಪಂದ್ಯ 4-0 ಆಯಿತು, ದೂರು ಫರ್ಗುಸನ್ ತಲೆಗೆ ಬಂತು. ಮುಂದೆ ಅವರನ್ನು ಮೊದಲ ತಂಡದಿಂದ ಹೊರಗಿಟ್ಟು ಕಿರಿಯರ ಜೊತೆ ಆಡಿಸಿದರು. ಆ ವರ್ಷದ ಕೊನೆಗೆ 20,000 ಪೌಂಡ್‌ಗೆ ಫಾಲ್ಕರ್ಕ್ ಪಾಲಾದರು. ಅಲ್ಲಿ ಆಡುತ್ತಲೇ ತರಬೇತಿ ಕೊಡುವುದನ್ನೂ ಕಲಿತು, ಕೊನೆಗೆ ಏರ್ ಯುನೈಟೆಡ್‌ನಲ್ಲಿ ಒಂದು ಋತು ಆಡಿ 1974ರಲ್ಲಿ ಬೂಟು ಕಳಚಿಟ್ಟರು.

ಇಲ್ಲಿ ಆಟದ ಒಂದು ಸೂಕ್ಷ್ಮ ಹೇಳಬೇಕು, ನಿಮ್ಮ ಹುಡುಗರಿಗೂ ಬೇಕಾದದ್ದು. ಸ್ಟ್ರೈಕರ್‌ಗಳು ಕಾರ್ನರ್‌ನಲ್ಲಿ ಯಾಕೆ ಎಡವುತ್ತಾರೆ? ಅವರ ಕಣ್ಣು ಅಭ್ಯಾಸಬಲದಿಂದ ಚೆಂಡಿನ ಹಿಂದೆಯೇ ಹೋಗುತ್ತದೆ. ಅವರು ಕಾಯಬೇಕಾದ ಎದುರಾಳಿ ಬೆನ್ನ ಹಿಂದಿನಿಂದ ಮೂರು ಹೆಜ್ಜೆ ಓಡಿ ಬಂದು ಜಿಗಿಯುತ್ತಾನೆ; ನಿಂತಲ್ಲೇ ಜಿಗಿಯುವವನು ಅವನನ್ನು ಮುಟ್ಟಲಾರ. ಹಾಗಾಗಿ ಮೈಯನ್ನು ಅಡ್ಡಕ್ಕೆ ತಿರುಗಿಸಿ ಚೆಂಡು, ಆಳು ಎರಡೂ ಒಂದೇ ನೋಟಕ್ಕೆ ಸಿಗುವಂತೆ ನಿಲ್ಲಬೇಕು. ಅಂಗಿ ಹಿಡಿದೆಳೆಯದೆ ಮುಂಗೈ ತಾಗಿಸಿಕೊಂಡಿದ್ದರೆ ಅವನು ಕದಲಿದ್ದು ತಿಳಿಯುತ್ತದೆ. ಎದುರಾಳಿ ತಂಡದಲ್ಲಿ ತಲೆಯಿಂದ ಅತ್ಯುತ್ತಮವಾಗಿ ಹೊಡೆಯುವವನಿಗೆ ನಿಮ್ಮ ಅತ್ಯುತ್ತಮ ಡಿಫೆಂಡರ್‌ನನ್ನೇ ಬಿಡಿ. ಎತ್ತರದ ಸ್ಟ್ರೈಕರ್ ಇದ್ದರೆ ಹತ್ತಿರದ ಕಂಬದ ಮುಂದೆ ನಿಲ್ಲಿಸಿ; ಅಲ್ಲಿ ಅವನು ಯಾರನ್ನೂ ಹಿಂಬಾಲಿಸಬೇಕಿಲ್ಲ, ತನ್ನತ್ತ ಬಂದ ಚೆಂಡನ್ನು ಆಚೆಗಟ್ಟಿದರೆ ಸಾಕು.

ಈಗ ನಿಮ್ಮ ಮೂರನೇ ಪ್ರಶ್ನೆ. ಹೆಸರು ಕೈಬಿಟ್ಟದ್ದನ್ನು ಫರ್ಗುಸನ್ ತಾವೇ ಹೇಳುತ್ತಿದ್ದರು, ಸಹಾಯಕರ ಬಾಯಲ್ಲಿ ಹೇಳಿಸುತ್ತಿರಲಿಲ್ಲ. ಆಟಗಾರನನ್ನು ಒಬ್ಬನೇ ಕರೆದು ಮಾತಾಡುತ್ತಿದ್ದರು. ಎರಡು ಗಂಟೆ ಹತ್ತು ನಿಮಿಷಕ್ಕೆ ತನ್ನನ್ನು ಕೈಬಿಟ್ಟಿದ್ದರು, ಅದು ಹೇಗಿರುತ್ತದೆ ಗೊತ್ತು ಎಂದು ಕಾರಣವನ್ನೂ ಹೇಳಿಕೊಂಡಿದ್ದಾರೆ. ಅವರು ಆಡುತ್ತಿದ್ದ ಮಾತಿನ ಸಾರ ಇಷ್ಟೇ: ನಾನು ತಪ್ಪುತ್ತಿರಬಹುದು, ಆದರೆ ಇವತ್ತಿನ ಪಂದ್ಯಕ್ಕೆ ಇದೇ ಸರಿಯಾದ ತಂಡ ಅನ್ನಿಸುತ್ತಿದೆ. ಹುಡುಗನ ಆಟದಲ್ಲಿ ಕೊರತೆ ಹುಡುಕುವ ಮಾತಲ್ಲ ಅದು. ನಿರ್ಧಾರದ ಹೊಣೆ ಹೇಳುವವನ ಮೇಲೇ ಉಳಿಯುತ್ತದೆ. ನೀವೂ ಹಿಂದಿನ ದಿನವೇ ಹೇಳಿ, ಅವನ ಗೆಳೆಯರಿಗೆ ಗೊತ್ತಾಗುವ ಮೊದಲು ಹೇಳಿ, ಎರಡು ಮಾತಿನಲ್ಲಿ ಮುಗಿಸಿ.

ಹೀಗೆ ಹೇಳಿದರೆ ನೋವಾಗುವುದಿಲ್ಲ ಎಂದುಕೊಳ್ಳಬೇಡಿ. ಅವರ ಮ್ಯಾಂಚೆಸ್ಟರ್ ಯುನೈಟೆಡ್ ಆಡಿದ 1990ರ ಎಫ್‌ಎ ಕಪ್ (ಇಂಗ್ಲೆಂಡ್‌ನ ಕಪ್ ಟೂರ್ನಿ) ಫೈನಲ್ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ 3-3 ಆಗಿ ಮರುಪಂದ್ಯಕ್ಕೆ ಹೋದಾಗ, ಗೋಲ್‌ಕೀಪರ್ ಜಿಮ್ ಲೇಟನ್‌ರನ್ನು ತೆಗೆದು ಲೂಟನ್‌ನಿಂದ ಸಾಲ ತಂದಿದ್ದ ಲೆಸ್ ಸೀಲಿಗೆ ಕೈಗವಸು ಕೊಟ್ಟರು. ಲೇಟನ್ ಫರ್ಗುಸನ್‌ರ ಹಿಂದಿನ ಕ್ಲಬ್ ಅಬರ್ಡೀನ್ ದಿನಗಳಿಂದ ಅವರ ಜೊತೆಗಿದ್ದವರು. ಯುನೈಟೆಡ್ 1-0 ಗೆದ್ದಿತು, ಲೇಟನ್ ಜೊತೆಗಿನ ಸಂಬಂಧ ಮಾತ್ರ ಸರಿಹೋಗಲಿಲ್ಲ. 1965ರಲ್ಲಿ ತನಗಾದದ್ದನ್ನು ಮರೆಯದವರು ಕೂಡ ಈ ನಿರ್ಧಾರ ತೆಗೆದುಕೊಳ್ಳಬೇಕಾಯಿತು. ಅವರ ಬದುಕಿನಲ್ಲಿ ನಮಗೆ ಅತ್ಯಂತ ಕಷ್ಟದ್ದಾಗಿ ಕಾಣುವ ಘಟ್ಟ ಇದು.

ಮ್ಯಾನೇಜರ್‌ಗಿರಿ ಶುರುವಾದ ರೀತಿ ಹಲವರಿಗೆ ಗೊತ್ತಿಲ್ಲ. 1974ರ ಬೇಸಿಗೆಯಲ್ಲಿ, 32ನೇ ವಯಸ್ಸಿಗೆ, ಈಸ್ಟ್ ಸ್ಟರ್ಲಿಂಗ್‌ಷೈರ್ ಎಂಬ ಪುಟ್ಟ ಸ್ಕಾಟಿಷ್ ಕ್ಲಬ್‌ನಲ್ಲಿ. ವಾರಕ್ಕೆ 40 ಪೌಂಡ್, ಅರೆಕಾಲಿಕ. ಕ್ಲಬ್‌ನಲ್ಲಿ ಆಗ ಒಬ್ಬ ಗೋಲ್‌ಕೀಪರ್ ಕೂಡ ಇರಲಿಲ್ಲ. ಬ್ರಿಟನ್ನಿನಲ್ಲಿ ಆಗ ಮ್ಯಾನೇಜರ್ ಎಂದರೆ ಬರೀ ತರಬೇತುದಾರನಲ್ಲ. ಆಟಗಾರರನ್ನು ಹುಡುಕಿ, ಬೆಲೆ ಮಾತಾಡಿ, ತಂಡ ಕಟ್ಟಿ ಆಡಿಸುವ ಯಜಮಾನ. ನಾಲ್ಕೇ ತಿಂಗಳಲ್ಲಿ ಸೇಂಟ್ ಮಿರೆನ್ ಕರೆಯಿತು. ಅಲ್ಲಿ ಎಳೆಯ ಹುಡುಗರನ್ನೇ ಬೆಳೆಸಿ 1977ರಲ್ಲಿ ಫಸ್ಟ್ ಡಿವಿಷನ್ (ಆಗ ಸ್ಕಾಟ್ಲೆಂಡ್‌ನ ಎರಡನೇ ಹಂತದ ಲೀಗ್) ಗೆದ್ದರು, ಮರುವರ್ಷ ವಜಾ ಆದರು. ಅವರನ್ನು ಕೆಲಸದಿಂದ ತೆಗೆದ ಒಂದೇ ಕ್ಲಬ್ ಅದು.

ಸ್ಟ್ರೈಕರ್‌ನ ಬುದ್ಧಿ ಎದ್ದು ಕಾಣುವುದು ಆಮೇಲೆ ಸೇರಿದ ಅಬರ್ಡೀನ್‌ನಲ್ಲಿ. 1983ರ ಮಾರ್ಚ್, ಯುರೋಪಿನ ಕಪ್ ವಿನ್ನರ್ಸ್ ಕಪ್ ಟೂರ್ನಿಯ ಕ್ವಾರ್ಟರ್ ಫೈನಲ್, ಬೇಯರ್ನ್ ಮ್ಯೂನಿಕ್ 2-1 ಮುಂದಿದೆ. ಫ್ರೀಕಿಕ್‌ಗೆ ಗಾರ್ಡನ್ ಸ್ಟ್ರಾಕನ್ ಮತ್ತು ಜಾನ್ ಮೆಕ್‌ಮಾಸ್ಟರ್ ಇಬ್ಬರೂ ಓಡಿಬಂದು, ಎಡವಟ್ಟಾದವರಂತೆ ನಿಂತು, ಒಬ್ಬರನ್ನೊಬ್ಬರು ಬೈದುಕೊಳ್ಳುವಂತೆ ನಟಿಸಿದರು. ಜರ್ಮನ್ನರು ಮೈಮರೆತ ಆ ಗಳಿಗೆಯಲ್ಲಿ ಸ್ಟ್ರಾಕನ್ ತಿರುಗಿ ಚೆಂಡೆತ್ತಿದರು, ಅಲೆಕ್ಸ್ ಮೆಕ್‌ಲೀಶ್ ತಲೆ ಕೊಟ್ಟರು. ಸುಮಾರು ಒಂದು ನಿಮಿಷದಲ್ಲೇ ಬದಲಿಯಾಗಿ ಬಂದಿದ್ದ ಜಾನ್ ಹೆವಿಟ್ ಮೂರನೆಯದನ್ನು ಹೊಡೆದರು. ಮೇ 11ರಂದು ಗೋಥೆನ್‌ಬರ್ಗ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಫೈನಲ್‌ನಲ್ಲೂ ಹೆವಿಟ್ ಬದಲಿಯಾಗಿಯೇ ಇಳಿದು 112ನೇ ನಿಮಿಷದಲ್ಲಿ ಗೆಲುವಿನ ಗೋಲು ಹೊಡೆದರು. ದಣಿದ ಡಿಫೆಂಡರ್‌ನ ಎದುರು ತಾಜಾ ಕಾಲು ಏನು ಮಾಡಬಲ್ಲದು ಎಂಬುದು ಸ್ಟ್ರೈಕರ್ ಆಗಿ ಆಡಿದವನಿಗೆ ಮೈಯಲ್ಲೇ ಗೊತ್ತಿರುತ್ತದೆ.

1986ರ ನವೆಂಬರ್‌ನಲ್ಲಿ ಸೇರಿದ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಇದನ್ನೇ ಅಭ್ಯಾಸಕ್ಕೆ ತಂದರು. ಹತ್ತು ನಿಮಿಷ ಉಳಿದಿದೆ, ಐದು ಉಳಿದಿದೆ, ಮೂರು ಉಳಿದಿದೆ, ನಾವು ಹಿಂದಿದ್ದೇವೆ ಎಂಬ ಸನ್ನಿವೇಶಗಳನ್ನೇ ಇಟ್ಟು ಆಡಿಸುತ್ತಿದ್ದರು. ಸೋಲುವುದೇ ಆದರೆ ಒಂದರ ಬದಲು ಎರಡು ಗೋಲಿನಿಂದ ಸೋತರೂ ಸರಿ, ಇನ್ನೊಬ್ಬ ಸ್ಟ್ರೈಕರ್ ಒಳಗೆ ಬರಲಿ ಎಂಬುದು ಲೆಕ್ಕ. 1999ರ ಮೇ 26ರಂದು ಬಾರ್ಸಿಲೋನಾದಲ್ಲಿ, ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ನಡೆದದ್ದು ಇದೇ. ಆರನೇ ನಿಮಿಷದಿಂದ ಬೇಯರ್ನ್ 1-0 ಮುಂದಿತ್ತು. 67ನೇ ನಿಮಿಷಕ್ಕೆ ಟೆಡ್ಡಿ ಶೆರಿಂಗ್‌ಹ್ಯಾಮ್, 81ಕ್ಕೆ ಓಲೆ ಗುನ್ನಾರ್ ಸೋಲ್ಷಾರ್ ಬಂದರು. 90 ನಿಮಿಷ ಮುಗಿದ ಮೇಲೆ ಇಬ್ಬರೂ ಒಂದೊಂದು ಗೋಲು ಹೊಡೆದರು, ಎರಡೂ ಬೆಕಮ್ ಕಾರ್ನರ್‌ಗಳಿಂದ.

ಲೆಕ್ಕಕ್ಕೆ ಒಂದು ಸೇರ್ಪಡೆ: 1967ರಲ್ಲಿ ಫರ್ಗುಸನ್ ಸ್ಕಾಟ್ಲೆಂಡ್ ತಂಡದ ಜೊತೆ ವಿದೇಶ ಪ್ರವಾಸ ಹೋಗಿ ಗೋಲು ಹೊಡೆದಿದ್ದರೂ ಆ ಪಂದ್ಯಗಳಿಗೆ ಅಂತರರಾಷ್ಟ್ರೀಯ ಮಾನ್ಯತೆ ಇರಲಿಲ್ಲ. 2021ರಲ್ಲಿ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ಆ ಪ್ರವಾಸದ ಕೆಲವು ಪಂದ್ಯಗಳಿಗೆ ಮಾನ್ಯತೆ ಕೊಟ್ಟಿತು. ತಮ್ಮ 79ನೇ ವಯಸ್ಸಿನಲ್ಲಿ ಅವರು ಸ್ಕಾಟ್ಲೆಂಡ್‌ನ ಅಂತರರಾಷ್ಟ್ರೀಯ ಆಟಗಾರರಾದರು.

— ಸಂಪಾದಕ