ಆ ಕೇಸು ಮುಗಿದಿತ್ತೇ?

(ಹಾಸನದ ಓದುಗರೊಬ್ಬರು ಬರೆದಿದ್ದಾರೆ: "ಹದಿನೆಂಟು ತುಂಬುವ ಮೊದಲೇ ಕೊಲೆ ಮಾಡಿ ಜೀವಾವಧಿಗೆ ಬಿದ್ದ ಅಮೆರಿಕದ ಕೈದಿಗಳಿಗೆ ಈಗ ಹೊಸದಾಗಿ ಶಿಕ್ಷೆ ನಿಗದಿ ಮಾಡುತ್ತಿರುವ ಬಗ್ಗೆ ನಿಮ್ಮ ಲೇಖನ ಓದಿದೆ. ಕೊಂದವನ ವಯಸ್ಸು ಲೆಕ್ಕ ಹಾಕುತ್ತೀರಿ. ಸತ್ತವನ ಮನೆಯವರ ಗತಿ? ಮುಗಿದ ಕೇಸನ್ನು ಯಾಕೆ ಕೆದಕಬೇಕು?")

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸತ್ತವರ ಮನೆಯವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆದರೆ 'ಮುಗಿದ ಕೇಸು' ಅಂದಿರಲ್ಲ, ನನ್ನ ತಕರಾರು ಇರುವುದು ಅಲ್ಲೇ. ಹೆನ್ರಿ ಮಾಂಟ್ಗೊಮರಿಯ ಕೇಸನ್ನೇ ನೋಡಿ. 1963ರಲ್ಲಿ ಲೂಸಿಯಾನಾದಲ್ಲಿ ಶಾಲೆ ತಪ್ಪಿಸಿ ತಿರುಗುತ್ತಿದ್ದ 17ರ ಹುಡುಗ ಆತ. ಎದುರಾದ ಪೊಲೀಸ್ ಅಧಿಕಾರಿಗೆ ಗುಂಡು ಹಾರಿಸಿ ಕೊಂದುಬಿಟ್ಟ. ಮೊದಲ ವಿಚಾರಣೆಯಲ್ಲಿ ಮರಣದಂಡನೆ ಆಯಿತು, ಮೇಲಿನ ಕೋರ್ಟು ಅದನ್ನು ರದ್ದು ಮಾಡಿತು. ಎರಡನೇ ಸಲ ಜೂರಿ, ಅಂದರೆ ತೀರ್ಪು ಹೇಳಲು ಕೂತ ಸಾಮಾನ್ಯ ಜನರ ತಂಡ, ಹೇಳಿದ್ದು ಇಷ್ಟೇ: ತಪ್ಪಿತಸ್ಥ, ಮರಣದಂಡನೆ ಬೇಡ. ಅಷ್ಟು ಹೇಳಿದ್ದೇ ತಡ, ಸಾಯುವವರೆಗೂ ಜೈಲು ಎಂಬುದು ತಾನಾಗಿಯೇ ಬಿತ್ತು. ಹುಡುಗ ಯಾರು, ಎಂಥ ಮನೆಯಲ್ಲಿ ಬೆಳೆದ, ತಿದ್ದಿಕೊಳ್ಳುವವನಾ ಎಂದು ಯಾರೂ ಕೇಳಲಿಲ್ಲ. ಕೇಳಲು ಕಾನೂನಿನಲ್ಲಿ ಜಾಗವೇ ಇರಲಿಲ್ಲ. ಕೇಳಲೇಬೇಕಿದ್ದ ಮಾತನ್ನೇ ಕೇಳದೆ ಕೇಸು ಮುಗಿಯಿತು ಅನ್ನುವುದು ಹೇಗೆ?

ಹುಡುಗರಿಗೆ ಹೀಗೆ ಕಣ್ಣುಮುಚ್ಚಿ ಜೀವಾವಧಿ ಕೊಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತು. ಹಳೆಯ ಕೈದಿಗಳಿಗೂ ಇದು ಅನ್ವಯ ಎಂದು 2016ರಲ್ಲಿ ಹೇಳಿದ್ದು ಮಾಂಟ್ಗೊಮರಿ ಕೇಸಿನಲ್ಲೇ. ಎರಡು ಸಾವಿರಕ್ಕೂ ಜಾಸ್ತಿ ಜನರಿಗೆ ಅದರಿಂದ ಬಾಗಿಲು ತೆರೆಯಿತು. ಬಿಡುಗಡೆಯ ಬಾಗಿಲಲ್ಲ, ವಿಚಾರಣೆಯ ಬಾಗಿಲು. 2012ರ ತೀರ್ಪು ಯಾರ ಹೆಸರಿನಲ್ಲಿದೆಯೋ, 14ನೇ ವಯಸ್ಸಿಗೆ ಕೊಲೆ ಮಾಡಿದ್ದ ಆ ಇವಾನ್ ಮಿಲ್ಲರ್‌ಗೆ 2021ರಲ್ಲಿ ಮತ್ತೆ ಅದೇ ಶಿಕ್ಷೆ ಆಯಿತು. ಮಾಂಟ್ಗೊಮರಿಯನ್ನೂ ಸುಮ್ನೆ ಬಿಡಲಿಲ್ಲ. ಕೈದಿಯನ್ನು ಷರತ್ತಿನ ಮೇಲೆ ಬಿಡಬಹುದೇ ಎಂದು ತೀರ್ಮಾನಿಸುವ ಪೆರೋಲ್ ಮಂಡಳಿ 2018ರಲ್ಲಿ, 2019ರಲ್ಲಿ ಆಗಲ್ಲ ಅಂದಿತು. 2021ರ ನವೆಂಬರ್‌ನಲ್ಲಿ ಆತ ಹೊರಬಂದಾಗ ವಯಸ್ಸು 75.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಸತ್ತ ಅಧಿಕಾರಿಯ ಇಬ್ಬರು ಹೆಣ್ಣುಮಕ್ಕಳು ಜೈಲಿಗೇ ಹೋಗಿ ಮಾಂಟ್ಗೊಮರಿಯನ್ನು ಕಂಡರು. ಕ್ಷಮಿಸಿದ್ದೇವೆ ಎಂದರು. ಆದರೂ ಆ ಕುಟುಂಬ ಬಿಡುಗಡೆಯನ್ನು ವಿರೋಧಿಸಿತು. ಇದರಲ್ಲಿ ನನಗೆ ಯಾವ ವಿರೋಧಾಭಾಸವೂ ಕಾಣಲಿಲ್ಲ. ಅಪ್ಪನನ್ನು ಕಳೆದುಕೊಂಡ ಮಕ್ಕಳಿಗೆ ಎರಡನ್ನೂ ಹೇಳುವ ಹಕ್ಕಿದೆ. ಪ್ರತಿ ವಿಚಾರಣೆಯೂ ಅವರಿಗೆ ಹಳೆಯ ಗಾಯ ಕೆರೆದಂತೆಯೇ, ಅದನ್ನು ಅಲ್ಲಗಳೆಯಲಾರೆ. ಅಷ್ಟಾದರೂ ಆ ಹುಡುಗ ತಿದ್ದಿಕೊಳ್ಳುವವನಾ ಎಂಬ ಪ್ರಶ್ನೆ ಕೇಳಲೇಬೇಕಿತ್ತು ಎಂದೇ ನಾನು ಹೇಳುತ್ತೇನೆ.

ನಮ್ಮಲ್ಲಿ ಬಾಲನ್ಯಾಯ ಕಾಯ್ದೆಯ 21ನೇ ಕಲಂ ಪ್ರಕಾರ, ಮುಂದೆಂದೂ ಬಿಡುಗಡೆ ಇಲ್ಲದ ಜೀವಾವಧಿಯನ್ನು 18 ತುಂಬದವರಿಗೆ ಕೊಡುವಂತಿಲ್ಲ. ಹಾಗಂತ ನಾವು ಬೀಗುವ ಹಾಗಿಲ್ಲ. ಮರಣದಂಡನೆಗೆ ಗುರಿಯಾಗಿ 28 ವರ್ಷ ಜೈಲಿನಲ್ಲಿದ್ದವನೊಬ್ಬನನ್ನು 2023ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಬಿಟ್ಟಿತು. ಕೃತ್ಯ ನಡೆದಾಗ ಅವನಿಗೆ ಹನ್ನೆರಡೂವರೆ ವರ್ಷ. ಅದನ್ನು ತೋರಿಸಿಕೊಟ್ಟಿದ್ದು ಊರ ಶಾಲೆಯ ರಿಜಿಸ್ಟರ್.

ಕೊಲೆಯಾದವರ ಕುಟುಂಬಗಳ ಬಗ್ಗೆ ಪ್ರತ್ಯೇಕ ಲೇಖನ ಬರಲಿ ಎಂದು ಕೇಳಿದ್ದೀರಿ. ಖಂಡಿತ ತರುತ್ತೇವೆ.

— ಸಂಪಾದಕ